ತಳದ ಒಂದು ಚಮಚ

ನಂಜಜ್ಜಿ ತೀರಿಕೊಂಡ ಮೇಲೂ ಮನೆಯಲ್ಲಿ ದಿನಾ ಅವಳ ಮೊಸರೇ ಆಗುತ್ತಿತ್ತು. ನಿನ್ನೆಯದೇ ಇವತ್ತಿಗೆ ಹೆಪ್ಪು. ಒಂದು ಸಂಜೆ ಮನೆಯ ಕಳ್ಳಬೆಕ್ಕು ಗಡಿಗೆಯನ್ನು ತಳದವರೆಗೂ ನೆಕ್ಕಿ ಮೀಸೆ ತಿರುವಿತು.

"ಲೇ ಮುಂಡೇದೇ, ಅಜ್ಜಿ ಕೈಯ ಹೆಪ್ಪನ್ನೇ ಮುಗಿಸಿಬಿಟ್ಟೆಯಲ್ಲೋ! ನಾಳೆ ತಾತ, ಮಗ, ಮೊಮ್ಮಕ್ಕಳು ಏನುಣ್ಣಬೇಕು?" ಎಂದು ಗಡಿಗೆ ಅತ್ತಿತು.

ಬೆಕ್ಕಿನ ಮೀಸೆ ಇಳಿಯಿತು. ಅದಕ್ಕೂ ದಿನಾ ಅನ್ನ ಕಲಸಿ ಹಾಕುತ್ತಿದ್ದವಳು ಅಜ್ಜಿಯೇ.

ಸೊಸೆ ಪಕ್ಕದ ಮನೆಯಿಂದ ಒಂದು ಬಟ್ಟಲು ಹೆಪ್ಪು ತಂದಳು. ಬಟ್ಟಲು ನಕ್ಕಿತು: "ಅಳಬೇಡ ಗಡಿಗೆಯಕ್ಕ. ನಮ್ಮನೆ ಮೊಸರೂ ನಿಮ್ಮಜ್ಜಿ ಕೊಟ್ಟ ಹೆಪ್ಪಿನದೇ. ಈ ಬೀದಿಯಲ್ಲಿ ಯಾರ ಮನೆಗೆ ಹೋದರೂ ಅವಳದ್ದೇ ಸಿಗುತ್ತೆ."

ಮಾರನೆಯ ದಿನ ತಾತ ಒಂದು ತುತ್ತು ಉಂಡು, "ನಂಜೀ, ಹುಳಿ ಸರಿಯಾಗಿದೆ ಕಣೇ" ಎಂದರು.

ಬೆಕ್ಕು ಕದಿಯುವುದನ್ನೇನೂ ಬಿಡಲಿಲ್ಲ. ಆದರೆ ಅಂದಿನಿಂದ ತಳದಲ್ಲಿ ಒಂದು ಚಮಚ ಉಳಿಸಿಯೇ ಮೀಸೆ ಒರೆಸಿಕೊಳ್ಳುತ್ತದೆ.