ಸುಣ್ಣದ ಗೂಡಿನ ಪಕ್ಕದ ಗಸಗಸೆ ಹೂ

"ಗುರುಗಳೇ, ಶಿಷ್ಯನಾದವನು ಗುರುವಿಗೆ ಏನನ್ನು ಕೊಡಬಲ್ಲ?"

ಹೀಗೆ ಕೇಳಿದವನು ಹನ್ನೆರಡು ವರ್ಷ ಮಠದಲ್ಲಿ ಓದಿ, ಮರುದಿನ ತನ್ನ ಊರಿಗೆ ಹೊರಡಲಿದ್ದ ಶಿಷ್ಯ. ಅವನ ಜೊತೆಯವರಲ್ಲಿ ಒಬ್ಬ ಕರೆಯುವ ಹಸುವನ್ನು ತಂದು ಕಟ್ಟಿದ್ದ. ಇನ್ನೊಬ್ಬ ಶಾಲು ಹೊದಿಸಿದ್ದ. ಇವನ ಕೈ ಬರಿದಾಗಿತ್ತು. ಗುರುಗಳು ಅವನ ಮುಖ ನೋಡಿದರು. "ಕುಳಿತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಅರಮನೆಯ ತೋಟದಲ್ಲಿ ಮೂವತ್ತು ವರ್ಷ ದುಡಿದವನು. ಅವನು ಕಸಿ ಕಟ್ಟಿದ ಮಾವು ಚಿಗುರದೆ ಇದ್ದದ್ದಿಲ್ಲ. ಬಾಡಿದ ಗಿಡವನ್ನು ಬೇರುಸಹಿತ ಎತ್ತಿ ಬೇರೆ ಕಡೆ ನೆಟ್ಟರೆ ಎಂಟು ದಿನಕ್ಕೆ ಅದು ತಲೆಯೆತ್ತುತ್ತಿತ್ತು. ವಯಸ್ಸಾದ ಮೇಲೆ ಅವನು ಅರಸನ ಅಪ್ಪಣೆ ಪಡೆದು ಹುಟ್ಟೂರಿಗೆ ಮರಳಿದ. ಹೊರಡುವಾಗ ರಾಣಿ ಅವನ ಕೈಗೆ ಒಂದು ಪೊಟ್ಟಣ ಕೊಟ್ಟಳು. ಅದರಲ್ಲಿ ಗಸಗಸೆಯ ಬೀಜವಿತ್ತು. ಅಡುಗೆಗೆ ಬಳಸುವ ಗಸಗಸೆಯಲ್ಲ, ಹೂವಿಗಾಗಿಯೇ ಬೆಳೆಯುವ ಜಾತಿ. ದೂರದ ನಾಡಿನಿಂದ ಕಾಣಿಕೆಯಾಗಿ ಬಂದದ್ದು. ಅರಮನೆಯಲ್ಲಿ ಅದನ್ನು ಯಾರೂ ಬೆಳೆದು ನೋಡಿರಲಿಲ್ಲ.

ತೋಟಗಾರ ಉದಾರಿ. ಊರಿಗೆ ಬಂದವನೇ ತನ್ನ ಬೀದಿಯ ಪ್ರತಿ ಮನೆಗೂ ಒಂದೊಂದು ಚಿಟಿಕೆ ಬೀಜ ಹಂಚಿದ. ಬೆಳೆಯುವ ಬಗೆಯನ್ನೂ ಹೇಳಿಕೊಟ್ಟ. ಮಡಿ ಮಾಡಿ, ಗೊಬ್ಬರ ಹಾಕಿ, ಬೆರಳುದ್ದ ಆಳದಲ್ಲಿ ಬೀಜ ಊರಬೇಕು. ಎರಡು ಹೊತ್ತು ನೀರು ಹಾಕಬೇಕು. ಸಸಿ ನಾಲ್ಕೆಲೆ ಬಿಟ್ಟಾಗ ಕಿತ್ತು, ಬೇಕಾದಲ್ಲಿ ನೆಡಬೇಕು. ಅರಮನೆಯಲ್ಲಿ ಪಳಗಿದ ಕೈಯವನ ಮಾತು. ಜನ ಚಾಚೂ ತಪ್ಪದೆ ನಡೆದರು.

ಯಾರ ಹಿತ್ತಿಲಲ್ಲೂ ಹೂ ಬಿಡಲಿಲ್ಲ. ಕೆಲವರ ಬೀಜ ಮಣ್ಣಿನಿಂದ ಮೇಲೇಳಲೇ ಇಲ್ಲ. ಎದ್ದ ಸಸಿಗಳಲ್ಲಿ ಅರ್ಧ ಬುಡ ಕೊಳೆತು ಮಲಗಿದವು. ಉಳಿದವು ಕಿತ್ತು ನೆಟ್ಟ ದಿನವೇ ಬಾಡಿದವು. ತೋಟಗಾರನ ಸ್ವಂತ ಹಿತ್ತಿಲಲ್ಲೂ ಹಾಗೆಯೇ ಆಯಿತು. ಅವನು ನೆರಳು ಕಟ್ಟಿದ, ಮಣ್ಣು ಬದಲಿಸಿದ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಬಗ್ಗಿ ನೋಡಿದ. ಒಂದೂ ಉಳಿಯಲಿಲ್ಲ. ಜನ ಎದುರಿಗೆ ಏನೂ ಅನ್ನಲಿಲ್ಲ. ಬಾವಿಕಟ್ಟೆಯಲ್ಲಿ ಮಾತ್ರ, ಅರಮನೆಯ ಕೈಗೆ ನಮ್ಮೂರ ಮಣ್ಣು ಒಗ್ಗಲಿಲ್ಲ ಎಂದು ಆಡಿಕೊಂಡರು.

ಚಳಿ ಹಿಂದೆ ಸರಿಯುವ ಹೊತ್ತಿಗೆ ಒಂದು ಸುದ್ದಿ ಹಬ್ಬಿತು. ಬೀದಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಗಂಡ ಸುಣ್ಣ ಸುಡುತ್ತಿದ್ದವನು. ಅವನು ತೀರಿಕೊಂಡ ಮೇಲೆ ಅವಳೇ ಗೂಡು ಹಚ್ಚಿ, ಸುಣ್ಣ ಮಾರಿ ಬದುಕುತ್ತಿದ್ದಳು. ಅವಳ ಗೂಡಿನ ಪಕ್ಕದ ಹರಳು ನೆಲದಲ್ಲಿ ಗಸಗಸೆ ಹೂ ಬಿಟ್ಟಿತ್ತು. ಒಂದೆರಡಲ್ಲ, ನೆಲ ಕಾಣದಷ್ಟು. ತೆಳ್ಳನೆಯ ಕೆಂಪು ದಳಗಳು, ನಡುವೆ ಕಪ್ಪು. ಗಾಳಿ ಬಂದರೆ ಇಡೀ ಹಿತ್ತಿಲು ಅಲುಗಿದಂತೆ ಕಾಣುತ್ತಿತ್ತು. ಬೀದಿಯಲ್ಲಿ ತೋಟಗಾರನ ಮಾತು ಕೇಳದೆ ಇದ್ದವಳು ಅವಳೊಬ್ಬಳೇ ಎಂಬುದೂ ಸುದ್ದಿಯ ಜೊತೆಗೇ ಹಬ್ಬಿತು.

ತೋಟಗಾರ ದೂರದಿಂದ ನೋಡಿ ಬಂದ. ಅಂದು ಊಟ ಸೇರಲಿಲ್ಲ.

ಹೆಂಡತಿ ಅವನ ಸಂಕಟ ಅರಿತವಳು. "ಆ ನೆಲದ ತುಂಬ ಸುಣ್ಣದ ಚೂರು. ಅದು ಸುಣ್ಣದ ಗುಣ ಅಂದುಬಿಡಿ. ಯಾರೂ ಇಲ್ಲ ಅನ್ನುವುದಿಲ್ಲ" ಎಂದಳು.

ಅದು ಸುಳ್ಳಲ್ಲ. ಈ ಗಿಡಕ್ಕೆ ನೀರು ನಿಲ್ಲದ ಸಡಿಲ ನೆಲ ಹಿತವೆಂದು ತೋಟಗಾರನಿಗೆ ನೋಡಿದ ಕ್ಷಣವೇ ಹೊಳೆದಿತ್ತು. ಆದರೆ ಅಷ್ಟರಿಂದಲೇ ಆ ಹೂ ಬಂದಿಲ್ಲ ಎಂಬುದೂ ಹೊಳೆದಿತ್ತು. ಗಿಡಗಳು ಒಂದಕ್ಕೊಂದು ತಾಗದಂತೆ ಸರಿಯಾದ ಅಂತರದಲ್ಲಿ ನಿಂತಿದ್ದವು. ನೆಲ ತಾನಾಗಿ ಆ ಕೆಲಸ ಮಾಡುವುದಿಲ್ಲ. ಅಲ್ಲಿ ಒಂದು ಕೈ ಇತ್ತು.

ಅವನು ಬೀದಿಯ ಕೊನೆಯವರೆಗೆ ಎರಡು ಸಲ ಹೋಗಿ ತಿರುಗಿ ಬಂದ. ಮೂವತ್ತು ವರ್ಷದಲ್ಲಿ ಅವನು ಗಿಡದ ವಿಷಯದಲ್ಲಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಮೂರನೆಯ ಸಲ, ಹೆಂಗಸರೆಲ್ಲ ಬಾವಿಕಟ್ಟೆಯಲ್ಲಿ ಸೇರಿದ್ದ ಹೊತ್ತಿಗೆ, ಅವರ ಎದುರಿನಿಂದಲೇ ನಡೆದು ಹೋಗಿ ಅವಳ ಬಾಗಿಲಲ್ಲಿ ನಿಂತ. ಕದ್ದು ಹೋಗಿ ಕೇಳಿದರೆ ಅರ್ಧ ಕೇಳಿದಂತೆ ಎಂದು ಅವನಿಗೆ ಅನ್ನಿಸಿತ್ತು.

ಅವಳು ಬೆದರಿದಳು. ಬಾಗಿಲಿನ ಹಿಂದೆ ಅರ್ಧ ಮರೆಯಾಗಿ ನಿಂತು, "ತಪ್ಪಾಯಿತು ಅಯ್ಯಾ. ನೀವು ಹೇಳಿದಂತೆ ಮಾಡಲು ನನಗೆ ಬಿಡುವಿರಲಿಲ್ಲ" ಎಂದಳು.

"ನಾನು ಬಯ್ಯಲು ಬಂದಿಲ್ಲ ತಾಯಿ. ನನಗೆ ಇದು ಗೊತ್ತಿಲ್ಲ. ಹೇಳಿಕೊಡು."

ಅವಳಿಗೆ ಅರ್ಥವಾಗಲಿಲ್ಲ. "ನಾನೇನೂ ಮಾಡಲಿಲ್ಲವಲ್ಲ" ಎಂದಳು.

ತೋಟಗಾರ ಅಂಗಳದ ಕಲ್ಲಿನ ಮೇಲೆ ಕುಳಿತ. "ಹಾಗಾದರೆ ಏನೇನು ಮಾಡಲಿಲ್ಲವೋ ಅದನ್ನೇ ಹೇಳು" ಎಂದ.

ಅವಳು ತಡವರಿಸುತ್ತ ಆರಂಭಿಸಿದಳು. ಬೀಜ ಧೂಳಿನಂತೆ ಇತ್ತು. ಹೂತರೆ ಅದು ಮಣ್ಣಿನ ಭಾರ ಹೊತ್ತು ಏಳುವುದು ಹೇಗೆ ಎಂದು ಹೂಳಲಿಲ್ಲ. ಒಂದು ಹಿಡಿ ಮರಳಿನಲ್ಲಿ ಬೆರೆಸಿ ನೆಲದ ಮೇಲೆ ಚೆಲ್ಲಿ, ಅಂಗೈಯಿಂದ ಒತ್ತಿದಳು, ಅಷ್ಟೇ. ಬಾವಿ ದೂರ, ಅದಕ್ಕೆ ದಿನಾ ನೀರು ಹಾಕಲಿಲ್ಲ. ಮೊಳಕೆ ಬರುವವರೆಗೆ ಚಿಮುಕಿಸಿದಳು. ಆಮೇಲೆ ನೆಲಕ್ಕೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿದಳು. ಒಂದು ಸಸಿಯನ್ನು ಕಿತ್ತು ಬಾಗಿಲ ಬಳಿ ನೆಟ್ಟಾಗ ಅದು ಸತ್ತಿತು. ಬೇರು ನೋಡಿದರೆ ಸೂಜಿಯಂತೆ ಒಂದೇ ನೇರಕ್ಕೆ ಇಳಿದಿತ್ತು. ಅಂಥ ಬೇರು ಒಮ್ಮೆ ತುಂಡಾದರೆ ಮತ್ತೆ ನೆಲ ಹಿಡಿಯದು ಎಂದು ತಿಳಿದು, ಮುಂದೆ ಯಾವುದನ್ನೂ ಕದಲಿಸಲಿಲ್ಲ. ದಟ್ಟವಾಗಿ ಎದ್ದದ್ದನ್ನು ಗೇಣಿಗೆ ಒಂದರಂತೆ ಉಳಿಸಿ ಮಿಕ್ಕದ್ದನ್ನು ತೆಗೆದಳು.

"ಮೊಗ್ಗು ಬಂದಾಗ ಕತ್ತು ಬಗ್ಗಿಸಿ ನೇತುಬಿತ್ತು ಅಯ್ಯಾ. ಬಾಡಿತು ಅಂದುಕೊಂಡೆ. ಕಡ್ಡಿ ಕೊಟ್ಟು ನಿಲ್ಲಿಸೋಣ ಅನ್ನಿಸಿತು. ಮಾರನೆಯ ದಿನ ಬಂದು ನೋಡಿದರೆ ಕತ್ತು ತಾನೇ ಎತ್ತಿ, ಮೇಲಿನ ಸಿಪ್ಪೆ ಕೆಡವಿ, ಅರಳಿ ನಿಂತಿತ್ತು. ಆಮೇಲೆ ಬಗ್ಗಿದ್ದನ್ನು ನಾನು ಮುಟ್ಟಿಲ್ಲ."

ಒಂದು ಹೂವಿಗೆ ಒಂದೋ ಎರಡೋ ದಿನದ ಆಯುಷ್ಯ. ದಳ ಉದುರಿದೊಡನೆ ಕಾಯಿ ಚಿವುಟಿದರೆ ಗಿಡ ಮತ್ತೆ ಮೊಗ್ಗು ಬಿಡುತ್ತದೆ. ಕೊನೆಯ ನಾಲ್ಕಾರು ಕಾಯಿಗಳನ್ನು ಮಾತ್ರ, ಒಣಗಿ ಒಳಗೆ ಬೀಜ ಗಲಗಲ ಅನ್ನುವವರೆಗೆ ಬಿಡಬೇಕು. ಇಷ್ಟನ್ನೂ ಅವಳು ಹೇಳಿದಳು. ಬಾಗಿಲ ಮರೆಯಲ್ಲಿ ಮಾತು ಆರಂಭಿಸಿದವಳು ಈಗ ಗಿಡಗಳ ನಡುವೆ ನಿಂತು, ಒಂದೊಂದನ್ನೂ ಬೆರಳಿಟ್ಟು ತೋರಿಸುತ್ತಿದ್ದಳು. ತೋಟಗಾರ ಅದನ್ನು ಗಮನಿಸಿದ. ಅವಳು ಗಮನಿಸಿರಲಿಲ್ಲ.

ಮರುವರ್ಷ ಮಳೆ ನಿಂತು ಚಳಿ ಹುಟ್ಟುವ ಹೊತ್ತಿಗೆ ತೋಟಗಾರ ಅವಳಿಂದ ಬೀಜ ಕೇಳಿ ತಂದ. ಅವಳು ಹೇಳಿದಂತೆ ಚೆಲ್ಲಿದ. ನೀರಿನ ಕೊಡ ಕೈಯಲ್ಲಿ ಹಿಡಿದು, ಬೆರಳು ಚುಚ್ಚಿ ನೋಡಿ, ಹಾಕದೆ ತಿರುಗಿದ ದಿನಗಳು ಹಲವು. ಅದು ಅವನಿಗೆ ಸುಲಭವಾಗಿರಲಿಲ್ಲ. ಅದಕ್ಕಿಂತ ಕಷ್ಟವಾದದ್ದು ಸಸಿ ತೆಗೆಯುವ ಕೆಲಸ. ಸಾಯುವ ಗಿಡವನ್ನು ಉಳಿಸುವುದೇ ಜೀವನವಾಗಿದ್ದ ಕೈಗೆ ಹಸಿರು ಸಸಿಯನ್ನು ಕೀಳಲು ಮನಸ್ಸು ಬರಲಿಲ್ಲ. ಹಾಗೆಯೇ ಬಿಟ್ಟ. ಅವಳು ಒಂದು ದಿನ ನೋಡಲು ಬಂದಳು.

"ದಟ್ಟವಾಯಿತು. ಕೀಳಿ" ಎಂದಳು.

"ಎಲ್ಲವೂ ಚೆನ್ನಾಗಿವೆಯಲ್ಲ ತಾಯಿ."

"ಅದಕ್ಕೇ ಕೀಳಬೇಕು. ಚೆನ್ನಾಗಿಲ್ಲದ್ದು ತಾನೇ ಹೋಗುತ್ತದೆ."

ತೋಟಗಾರ ನೆಲಕ್ಕೆ ಕುಳಿತು ಕಿತ್ತ. ಅವಳು ನಿಂತು ನೋಡುತ್ತಿದ್ದಳು. ಬೇಲಿಯಾಚೆ ಊರಿನವರೂ ನಿಂತು ನೋಡುತ್ತಿದ್ದರು. ಅರಮನೆಯ ತೋಟಗಾರ ಸುಣ್ಣ ಸುಡುವವಳ ಮಾತಿನಂತೆ ಕೈ ಆಡಿಸುವುದನ್ನು ನೋಡಿ ಮೊದಲ ದಿನ ನಕ್ಕವರು, ಮೂರನೆಯ ದಿನ ನಗಲಿಲ್ಲ. ಅವನು ಬೇಸರವಿಲ್ಲದೆ, ಮುಚ್ಚುಮರೆಯಿಲ್ಲದೆ, ಹೊಸದಾಗಿ ಕೆಲಸಕ್ಕೆ ಸೇರಿದವನಂತೆ ಕಲಿಯುತ್ತಿದ್ದ. ಅದನ್ನು ನೋಡುವುದೇ ಒಂದು ಸೊಗಸಾಗಿತ್ತು.

ಮಾಘದಲ್ಲಿ ಅವನ ಹಿತ್ತಿಲು ಕೆಂಪಾಯಿತು. ನೋಡಲು ಬಂದವರು ಹೊಗಳಿದರು. ಬೆಳೆಯುವುದು ಹೇಗೆಂದು ಕೇಳಿದರು. ಅವನು ಯಾರಿಗೂ ತಾನು ಹೇಳಲಿಲ್ಲ. "ಬೀದಿಯ ಕೊನೆಗೆ ಹೋಗಿ. ಅವರನ್ನು ಕೇಳಿ" ಎಂದು ಕಳುಹಿಸಿದ. ಸುಣ್ಣ ಕೊಳ್ಳಲು ಮಾತ್ರ ಜನ ಹೋಗುತ್ತಿದ್ದ ಬಾಗಿಲಿಗೆ, ಒಂದು ಮಾತು ಕೇಳಲು ಜನ ಹೋಗತೊಡಗಿದರು. ಅವಳು ಗೂಡಿನ ಕೆಲಸ ನಿಲ್ಲಿಸಿ, ಕೈ ತೊಳೆದು ಬಂದು ಹೇಳುತ್ತಿದ್ದಳು. ಈಗ ಅವಳ ಮಾತು ತಡವರಿಸುತ್ತಿರಲಿಲ್ಲ.

ಒಂದು ದಿನ ತೋಟಗಾರ ಸೀರೆ, ಹಣ್ಣು ಹಿಡಿದು ಅವಳ ಮನೆಗೆ ಹೋದ. ಅವಳು ತೆಗೆದುಕೊಳ್ಳಲಿಲ್ಲ. "ನಿಮ್ಮಿಂದ ಬರಬೇಕಾದದ್ದು ಬಂದಿದೆ ಅಯ್ಯಾ" ಎಂದಳು. ಎಷ್ಟು ಒತ್ತಾಯಿಸಿದರೂ ಅದೇ ಮಾತು. ತೋಟಗಾರ ತಂದದ್ದನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿದ. "ಬೀಜ ಅವನು ಬೀದಿಗೆಲ್ಲ ಕೊಟ್ಟಿದ್ದ. ಸೀರೆಯನ್ನು ಅವಳು ಮುಟ್ಟಲಿಲ್ಲ. ಹಾಗಿದ್ದರೆ ಅವನಿಂದ ಅವಳಿಗೆ ಬಂದದ್ದಾದರೂ ಏನು ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಅವನು ಬಂದು ಕೇಳುವವರೆಗೆ, ತನಗೆ ಗೊತ್ತಿದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ."

ಶಿಷ್ಯ ತನ್ನ ಬರಿಗೈಗಳನ್ನು ಜೋಡಿಸಿ, ಸಂಕೋಚವಿಲ್ಲದೆ ಗುರುಗಳಿಗೆ ನಮಸ್ಕರಿಸಿದ.