ಜವರ ಮುಟ್ಟಿ ಬಂದದ್ದು

ಕಂಬದಕೊಪ್ಪಲಿನ ನಿಂಗಾಜಮ್ಮನಿಗೆ ಒಬ್ಬನೇ ಮಗ, ಜವರ. ಆಳು ನೋಡಿದರೆ ಆನೆಮರಿ, ಬುದ್ಧಿ ನೋಡಿದರೆ ಅಷ್ಟಕ್ಕಷ್ಟೆ. ಹೇಳಿದ್ದನ್ನು ಮಾಡುತ್ತಿದ್ದ, ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ. ಒಲೆ ಮೇಲೆ ಹಾಲಿದೆ, ನೋಡ್ತಿರು ಅಂದರೆ ಅದು ಉಕ್ಕಿ ಒಲೆ ಆರುವವರೆಗೂ ನೋಡುತ್ತಾ ಕೂತಿರುತ್ತಿದ್ದ. ಊರಲ್ಲಿ ಇವನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಅದೇ ನಿಂಗಾಜಮ್ಮನ ಕೊರಗು.

ಹೀಗಿರುವಾಗ ಊರ ಕಬಡ್ಡಿ ತಂಡದಲ್ಲಿ ಒಬ್ಬನ ಕಾಲು ಉಳುಕಿತು. ನಾಲ್ಕು ಭಾನುವಾರ, ನಾಲ್ಕು ಊರಿನ ಮೇಲೆ ನಾಲ್ಕು ಆಟ ಇತ್ತು. ಆಟ ಕಲಿಸುವ ಬೋರಲಿಂಗೇಗೌಡರು ಬೇರೆ ದಾರಿ ಕಾಣದೆ ಜವರನನ್ನು ಕರೆದರು. ಬೆನ್ನ ಮೇಲೆ ಏಳು ಅಂತ ಬರೆದಿದ್ದ ಬನಿಯನ್ನು ಕೊಟ್ಟರು. ನಿಂಗಾಜಮ್ಮ ಅದನ್ನು ಎರಡೆರಡು ಸಲ ಒಗೆದು ತೊಡಿಸಿ, ಗೌಡರು ಹೇಳಿದಂಗೆ ಕೇಳಪ್ಪ, ಅಂದಳು.

ಗೌಡರು ಹೇಳಿದ್ದು ಇಷ್ಟೇ: ಗೆರೆ ದಾಟಿ ನಮ್ಮ ಕಡೆ ಯಾವನೇ ಬರಲಿ, ಹಿಡ್ಕೊ, ಬಿಡಬೇಡ.

ಮೊದಲನೆ ಭಾನುವಾರ ಅಂಪೈರು ಏನನ್ನೋ ನೋಡೋದಕ್ಕೆ ಗೆರೆ ದಾಟಿ ಬಂದರು. ಜವರ ಅವರ ಸೊಂಟ ಹಿಡಿದು ಕೆಡವಿ ಮೇಲೆ ಕೂತ. ಬಿಡೋ ಅಂತ ಅವರು ಎಷ್ಟು ಕೂಗಿದರೂ ಬಿಡಲಿಲ್ಲ. ಆ ಆಟ ಹೋಯಿತು.

ಗೌಡರು ಬೈದರು. ಅಂಪೈರು ಅಂದರೆ ದೊಡ್ಡೋರು ಕಣೋ, ಅವರು ಹತ್ರ ಬಂದರೆ ಮರ್ಯಾದೆ ಕೊಡಬೇಕು, ಅಂದರು. ನಿಂಗಾಜಮ್ಮನೂ ಮನೆಯಲ್ಲಿ ಅದನ್ನೇ ಹೇಳಿದಳು, ಕೈ ಮುಗಿಯೋದನ್ನೂ ತೋರಿಸಿಕೊಟ್ಟಳು.

ಎರಡನೆ ಭಾನುವಾರ ಜವರ ಎದುರಾಳಿಯನ್ನು ಹಿಡಿದ ಹಿಡಿತಕ್ಕೆ ಅವನು ಮಿಸುಕಲಾಗಲಿಲ್ಲ. ಊರೇ ಕುಣಿಯಿತು. ಸರಿಯಾಗಿ ನೋಡೋಣ ಅಂತ ಅಂಪೈರು ಹತ್ತಿರ ಬಂದರು. ಜವರ ಎದುರಾಳಿಯನ್ನು ಬಿಟ್ಟು, ಎದ್ದು ನಿಂತು, ಎರಡೂ ಕೈ ಮುಗಿದ. ಎದುರಾಳಿ ಗೆರೆ ದಾಟಿ ಓಡಿದ. ಆ ಆಟವೂ ಹೋಯಿತು.

ಗೌಡರಿಗೆ ಈಗ ಪಿತ್ತ ನೆತ್ತಿಗೇರಿತು. ಜವರನನ್ನು ಮರೆಗೆ ಕರೆದು ಮೆಲ್ಲಗೆ ಹೇಳಿದರು: "ಬನಿಯನ್ನು ಜಗ್ಗು, ಚಿವುಟು, ಎಲ್ಲಾರೂ ಮಾಡೋದೇ. ಅಂಪೈರು ಮಾತ್ರ ನೋಡಬಾರದು, ತಿಳೀತಾ?"

ಜವರ ಮನೆಗೆ ಬಂದು ಹೇಳಿದಾಗ ನಿಂಗಾಜಮ್ಮನಿಗೆ ಈ ಮಾತು ಸರಿಬರಲಿಲ್ಲ. ಆದರೆ ಬೇಡ ಅಂದರೆ ಎಲ್ಲಿ ಮಗನನ್ನು ಕೈಬಿಡುತ್ತಾರೋ ಅಂತ ಸುಮ್ಮನಾದಳು.

ಮೂರನೆ ಭಾನುವಾರ ಆಟ ಶುರುವಾಗುವ ಮುಂಚೆ ಜವರ ಟವಲು ಹಿಡಿದು ಅಂಪೈರರ ಹಿಂದೆ ಹೋಗಿ ಅವರ ಕಣ್ಣಿಗೆ ಕಟ್ಟಿದ. "ಒಸಿ ತಡೀರಿ ಸ್ವಾಮಿ," ಅಂದ. "ನಾನು ಬನಿಯನ್ನು ಜಗ್ಗಬೇಕು, ಚಿವುಟಬೇಕು. ನೀವು ನೋಡಬಾರದಂತೆ, ಗೌಡರು ಹೇಳವ್ರೆ."

ಎರಡೂ ಊರಿನವರು ಹೊಟ್ಟೆ ಹಿಡಿದು ನಕ್ಕರು. ಗೌಡರು ತಲೆ ಎತ್ತಲಿಲ್ಲ. ಇನ್ನೊಂದು ತಪ್ಪು ಮಾಡಿದರೆ ನಿಮ್ಮ ಊರನ್ನೇ ಪಂದ್ಯಕ್ಕೆ ಸೇರಿಸೋದಿಲ್ಲ ಅಂತ ಅಂಪೈರು ಹೇಳಿ ಆಟ ನಿಲ್ಲಿಸಿದರು.

ಅವತ್ತು ನಿಂಗಾಜಮ್ಮ ತಾನೇ ಗೌಡರ ಬಾಗಿಲಿಗೆ ಹೋದಳು. "ಗೌಡ್ರೇ, ನನ್ನ ಮಗನಿಗೆ ಕಳ್ಳಾಟ ಹೇಳಿಕೊಡಬೇಡಿ. ನ್ಯಾಯವಾಗಿ ಹೆಂಗೆ ಆಡೋದೋ ಅದನ್ನ ಹೇಳಿ, ಸಾಕು," ಅಂದಳು.

ಗೌಡರು ನಾಚಿಕೊಂಡರು. ಜವರನನ್ನು ಕೂರಿಸಿ ನಿಯಮ ಹೇಳಿದರು: ಕಬಡ್ಡಿ ಕಬಡ್ಡಿ ಅಂತ ಹೋಗಬೇಕು. ಒಬ್ಬನನ್ನಾದರೂ ಮುಟ್ಟದೆ ವಾಪಸ್ ಬರಬಾರದು. ನಮ್ಮ ಗೆರೆ ಮುಟ್ಟುವ ತನಕ ಕಬಡ್ಡಿ ಅನ್ನೋದು ನಿಲ್ಲಿಸಬಾರದು, ಉಸಿರು ಬಿಡಬಾರದು.

ನಾಲ್ಕನೆ ಆಟ ಕೆಳಗಲಹಳ್ಳಿ ಮೇಲೆ. ಕಂಬದಕೊಪ್ಪಲು ಒಂದು ಪಾಯಿಂಟು ಹಿಂದೆ ಇದ್ದಾಗ ಜವರನ ಸರದಿ ಬಂತು. ಕಬಡ್ಡಿ ಕಬಡ್ಡಿ ಅಂತ ಹೋದ. ಕೆಳಗಲಹಳ್ಳಿಯವರು ಜಾಣರು, ಕೈಗೆ ಸಿಗದೆ ಹಿಂದೆ ಹಿಂದೆ ಸರಿದರು. ಹೊತ್ತು ಮುಗಿದು ಸೀಟಿ ಕೂಗಿತು. ಅಂಪೈರು ಹೊರಟರು. ಗೆದ್ದವರು ಟೆಂಪೋ ಹತ್ತಿದರು. ಜವರ ಯಾರನ್ನೂ ಮುಟ್ಟಿರಲಿಲ್ಲ. ಟೆಂಪೋ ಹಿಂದೆಯೇ ಓಡಿದ, ಕಬಡ್ಡಿ ಕಬಡ್ಡಿ.

ಎರಡು ಮೈಲಿ. ಕೆಳಗಲಹಳ್ಳಿ ತಂಡದ ನಾಯಕ ಚಿಕ್ಕಬೋರ ಮನೆಯಲ್ಲಿ ಕೈಕಾಲು ತೊಳೆದು ಮುದ್ದೆ ಮುರಿಯುತ್ತಿದ್ದ. ಜವರ ಒಳಗೆ ನುಗ್ಗಿ ಅವನ ನೆತ್ತಿ ಮುಟ್ಟಿದ. ಚಿಕ್ಕಬೋರನಿಗೂ ಅಭ್ಯಾಸ ನೋಡಿ, ತಟ್ಟೆ ಬಿಟ್ಟು ಹಾರಿ ಕಾಲು ಹಿಡಿಯಲು ಹೋದ, ಸಿಗಲಿಲ್ಲ. ಜವರ ಬಂದ ದಾರಿಯಲ್ಲೇ ತಿರುಗಿ ಓಡಿದ, ಕಬಡ್ಡಿ ಕಬಡ್ಡಿ.

ಬಯಲಲ್ಲಿ ಯಾರೂ ಉಳಿದಿರಲಿಲ್ಲ. ನಿಂಗಾಜಮ್ಮ ಒಬ್ಬಳು ಗೆರೆ ಅಳಿಸಿಹೋಗದಂತೆ ಅದರ ಪಕ್ಕ ಕಾದು ನಿಂತಿದ್ದಳು. ಜವರ ಬಂದು ಗೆರೆಯ ಮೇಲೆ ಬಿದ್ದ. ಮುಖ ಕೆಂಪಗೆ ಊದಿತ್ತು, ಕಣ್ಣಲ್ಲೇ ಕೇಳಿದ.

"ಬಂತು ಕಣಪ್ಪ, ಪಾಯಿಂಟು ಬಂತು," ಅಂದಳು ಅವಳು, ಬೆನ್ನು ಸವರುತ್ತಾ. "ಈಗ ಉಸಿರು ಬಿಡು."

ಜವರ ಉಸಿರು ಬಿಟ್ಟ. ಬಿಟ್ಟು ಸುಮ್ಮನೆ ಅವ್ವನ ಮುಖ ನೋಡುತ್ತಾ ಕೂತ. ಕಣ್ಣು ಮೇಲಾಗುತ್ತಾ ಬಂತು, ತುಟಿ ನೀಲಿಗಟ್ಟಿತು. ನಿಂಗಾಜಮ್ಮನಿಗೆ ಆಗ ಹೊಳೆಯಿತು.

"ಅಯ್ಯೋ ನನ್ನಪ್ಪ, ತಿರುಗಿ ಎಳ್ಕೊಳೋ!"

ಹೇಳಿದ ಮೇಲೆ ಎಳೆದುಕೊಂಡ.