ಪುರಸಭೆಯ ತಟ್ಟೆ ಪರೀಕ್ಷೆ

ಇನ್ನು ಮುಂದೆ ಪುರಸಭೆ ಕೊಳ್ಳುವುದೆಲ್ಲ ಪರಿಸರಕ್ಕೆ ಒಗ್ಗುವಂಥದ್ದೇ ಆಗಿರಬೇಕು ಎಂದು ಆದೇಶ ಬಂತು. ಅದರ ಮಸಿ ಆರುವ ಮೊದಲೇ ಮುಖ್ಯಾಧಿಕಾರಿ ಚೆನ್ನವೀರಯ್ಯನವರ ಭಾವಮೈದ ಒಂದು ಲಾರಿ ಊಟದ ತಟ್ಟೆ ತಂದು ಅಂಗಳದಲ್ಲಿ ಇಳಿಸಿದ. ಅಪ್ಪಟ ಎಲೆಯವು ಎಂಬ ಪ್ರಮಾಣಪತ್ರವೂ ಕೈಲಿತ್ತು. ಉಗ್ರಾಣದ ಗುಮಾಸ್ತ ಒಂದನ್ನು ಮಡಚಿ ನೋಡಿದ. ಹಸಿರು ಬಳಿದ ಪ್ಲಾಸ್ಟಿಕ್.

"ಪರೀಕ್ಷೆ ಮಾಡಿದೀನಿ ಅಂತ ಸಹಿ ಹಾಕ್ರೀ. ಇಲ್ಲಾಂದ್ರೆ ನಾಳೆನೇ ವರ್ಗ!" ಸಾಹೇಬರು ಗುಡುಗಿದರು.

"ಹಾಕ್ತೀನಿ ಸಾರ್. ಆದ್ರೆ ತಜ್ಞರನ್ನ ಕೇಳಬೇಕು ಅಂತ ಆದೇಶದಲ್ಲೇ ಇದೆ. ತಜ್ಞರು ನಮ್ಮಲ್ಲೇ ಇದ್ದಾರೆ."

ಪುರಸಭೆಯವರು ಬೀದಿಯಲ್ಲಿ ಹಿಡಿದು ದೊಡ್ಡಿಯಲ್ಲಿ ಕಟ್ಟಿದ್ದ ಹಸುವೊಂದನ್ನು ಗುಮಾಸ್ತ ಬಿಚ್ಚಿಕೊಂಡು ಬಂದ.

"ಮದುವೆಮನೆ ಎಂಜಲೆಲೆ ತಿಂದೇ ಬೆಳೆದವಳು, ಸಾರ್."

ಹಸು ತಟ್ಟೆಯನ್ನು ಮೂಸಿ ಮುಖ ತಿರುಗಿಸಿತು. ಆಮೇಲೆ ಕತ್ತು ಚಾಚಿ, ಭಾವಮೈದನ ಕೈಲಿದ್ದ ಪ್ರಮಾಣಪತ್ರವನ್ನು ಕಿತ್ತುಕೊಂಡು ನೆಮ್ಮದಿಯಾಗಿ ಅಗಿಯತೊಡಗಿತು. ಕಂದಾಯ ಕಟ್ಟಲು ಬಂದಿದ್ದ ಜನ ಗೊಳ್ಳೆಂದು ನಕ್ಕರು. ಸಾಹೇಬರ ಮುಖ ಹುಳ್ಳಗಾಯಿತು.

ಗುಮಾಸ್ತ ತಣ್ಣಗೆ ಪೆನ್ನು ತೆಗೆದ.

"ಈಗ ಸಹಿ ಹಾಕ್ತೀನಿ ಸಾರ್. ತಟ್ಟೆ ವಾಪಸ್ಸು. ಬಂದ ಮಾಲಿನಲ್ಲಿ ಪರಿಸರಕ್ಕೆ ಒಗ್ಗಿದ್ದು ಆ ಕಾಗದ ಒಂದೇ."